ಹತ್ತು ಲಕ್ಷ ಮಕ್ಕಳ ಪರವಾಗಿ ಒಂದು ಮನವಿ: ಮಹಾತ್ಮಾ ಜ್ಯೋತಿಬಾ ಫುಲೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ಮರಾಠಿ ನಾಡಿನವರೊಬ್ಬರ ಜೀವನಚರಿತ್ರೆಗೆ ಎಡೆಯೇಕೆಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಹೊಟ್ಟೆಪಾಡಿಗಾಗಿ ಬಂದ ನಮಗೆ ಆಶ್ರಯವಿತ್ತ ಈ ಪುಣೆಯಲ್ಲಿಯೇ ಜ್ಯೋತಿಬಾ ಫುಲೆಯವರು ಬಾಳಿದರೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 1882ರಲ್ಲಿ ಅವರು ಮಕ್ಕಳ ಶಿಕ್ಷಣದ ಬಗ್ಗೆ ಸರಕಾರದ ಮುಂದಿಟ್ಟ ಮನವಿ ಇಡೀ ಮುಂಬಯಿ ಪ್ರಾಂತಕ್ಕೆ ಸಂಬಂಧಪಟ್ಟುದು. ನಮ್ಮ ಧಾರವಾಡ, ಬೆಳಗಾವಿ, ಉತ್ತರ ಕನ್ನಡ, ಮುಂದೆ ವಿಜಾಪುರವೆನಿಸಿದ ಕಲಾದಗಿ, ಈ ನಾಲ್ಕೂ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. ಅವರು ಲೆಕ್ಕ ಕೊಟ್ಟ ಮಕ್ಕಳಲ್ಲಿ ನಮ್ಮ ಹಿರಿಯರ ಮಕ್ಕಳೂ ಇದ್ದರು.

ಜ್ಯೋತಿಬಾ ಹುಟ್ಟಿದ್ದು 1827ರ ಏಪ್ರಿಲ್ 11ರಂದು. ಮನೆತನ ಸಾತಾರೆಯ ಕಡೆಯದು, ಜಾತಿಯಿಂದ ಮಾಳಿ. ಪೇಶವೆಯವರಿಗೆ ಹೂವು ಒದಗಿಸುತ್ತಿದ್ದುದರಿಂದ ಗೋರ್ಹೆ ಎಂಬ ಹಳೆಯ ಅಡ್ಡಹೆಸರು ಮರೆಯಾಗಿ ಫುಲೆ ಎಂಬುದು ನಿಂತಿತು. ತಾಯಿ ಚಿಮಣಾಬಾಯಿ ಕೂಸು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಳು. ತಂದೆ ಗೋವಿಂದರಾವ್ ಮಗನನ್ನು ಶಾಲೆಗೆ ಹಾಕಿದ್ದರೂ, ಮಾಳಿಯ ಮಗನಿಗೆ ಓದೇಕೆಂದು ಅಂಗಡಿಯ ಗುಮಾಸ್ತನು ಹೇಳಿದ ಮಾತಿಗೆ ಅಂಜಿ ಬಿಡಿಸಿಬಿಟ್ಟರು. ಹುಡುಗ ತೋಟದ ಕೆಲಸಕ್ಕೆ ಹತ್ತಿದ. ರಾತ್ರಿ ದೀಪದ ಬುಡದಲ್ಲಿ ಪುಸ್ತಕ ಹಿಡಿದು ಕೂಡುತ್ತಿದ್ದ.

ಇದನ್ನು ಕಂಡವರು ನೆರೆಯ ಇಬ್ಬರು. ಒಬ್ಬರು ಫಾರಸಿ ಬಲ್ಲ ಮುನಶಿ ಗಫಾರ್ ಬೇಗ್, ಇನ್ನೊಬ್ಬರು ಲಿಜಿಟ್ ಸಾಹೇಬರು. ಇಬ್ಬರಿಗೂ ಈ ಹುಡುಗನಿಂದ ಆಗಬೇಕಾದುದೇನೂ ಇರಲಿಲ್ಲ. ಆದರೂ ಗೋವಿಂದರಾಯರಿಗೆ ತಿಳಿಯ ಹೇಳಿ, ಅವರ ಮನಸ್ಸನ್ನು ತಿರುಗಿಸಿದರು. 1841ರಲ್ಲಿ ಜ್ಯೋತಿಬಾ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದರು. ಈ ಸಲ ಸ್ಕಾಟಿಶ್ ಮಿಶನ್ ಶಾಲೆ. ಚರಿತ್ರೆಕಾರರು ಈ ಸಂಗತಿಯನ್ನು ಎರಡು ಸಾಲುಗಳಲ್ಲಿ ಮುಗಿಸುತ್ತಾರೆ. ನಮಗೆ ಅದು ಅಷ್ಟು ಸಣ್ಣದೆನಿಸದು. ಬೇರೊಬ್ಬರ ಮಗುವಿಗಾಗಿ ಇಬ್ಬರು ಬಾಯಿ ತೆರೆಯದೆ ಹೋಗಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ.

1848ರಲ್ಲಿ, ಇನ್ನೂ ಇಪ್ಪತ್ತೊಂದರ ಪ್ರಾಯದಲ್ಲಿ, ಬುಧವಾರ ಪೇಟೆಯ ಭಿಡೆಯವರ ವಾಡೆಯಲ್ಲಿ ಅವರು ಹೆಣ್ಣುಮಕ್ಕಳ ಶಾಲೆ ತೆರೆದರು. ಹೆಂಡತಿ ಸಾವಿತ್ರೀಬಾಯಿಯವರಿಗೆ ತಾವೇ ಅಕ್ಷರ ಕಲಿಸಿ ಶಿಕ್ಷಕಿಯನ್ನಾಗಿ ಮಾಡಿದರು. ಶಾಲೆಗೆ ಹೋಗುವ ದಾರಿಯಲ್ಲಿ ಆ ತಾಯಿಯ ಮೇಲೆ ಜನ ಸೆಗಣಿ ಎರಚಿದರು. ಜಾತಿಯವರ ಕಾಟ ತಾಳಲಾರದೆ ತಂದೆ ಮಗ-ಸೊಸೆಯನ್ನು ಮನೆಯಿಂದ ಹೊರಗೆ ಕಳಿಸಿದರು. ಶಾಲೆಗಳು ಮಾತ್ರ ಹೆಚ್ಚಿದವು. ಮಹಾರ, ಮಾಂಗ ಮಕ್ಕಳಿಗೂ ಶಾಲೆಯಾಯಿತು. 1852ರಲ್ಲಿ ವಿಶ್ರಾಮಬಾಗಿನಲ್ಲಿ ಸರಕಾರದವರು ಶಾಲು ಹೊದಿಸಿ ಸನ್ಮಾನಿಸಿದರು. ಶಾಲು ದೊರೆತಷ್ಟು ಸುಲಭವಾಗಿ ಹಣ ದೊರೆಯಲಿಲ್ಲವೆಂಬುದು ಬೇರೆ ಮಾತು. ವಿಧವೆಯರ ಕೂಸುಗಳು ಹುಟ್ಟುತ್ತಲೇ ಸಾಯಬಾರದೆಂದು 1863ರಲ್ಲಿ ಮನೆಯಲ್ಲೇ ಆಶ್ರಯ ತೆರೆದುದು, 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದುದು, 1877ರ ಬರಗಾಲದಲ್ಲಿ ಧನಕವಡಿಯಲ್ಲಿ ಹಸಿದ ಮಕ್ಕಳಿಗಾಗಿ ಬಾಲಾಶ್ರಮ ನಡೆಸಿದುದು ಎಲ್ಲರೂ ಬಲ್ಲ ಸಂಗತಿಗಳೇ. ಮುಂಬಯಿಗೆ ದುಡಿಯಲು ಬಂದು ನೆಲೆಸಿದ್ದ ತೆಲುಗರು ಅವರ ಸಮಾಜಕ್ಕೆ ಬೆಂಬಲವಾಗಿ ನಿಂತರೆಂಬುದನ್ನು ಪರನಾಡಿನಲ್ಲಿರುವ ನಾವು ನೆನೆಯುವುದು ಉಚಿತ.

1876ರಿಂದ 1882ರವರೆಗೆ ಅವರು ಪುಣೆ ಮುನಿಸಿಪಾಲಿಟಿಯ ಸದಸ್ಯರಾಗಿದ್ದರು. ವೈಸರಾಯರ ಸ್ವಾಗತದ ಶೃಂಗಾರಕ್ಕೆ ಸಾವಿರ ರೂಪಾಯಿ ಬೇಕೆಂಬ ಸೂಚನೆ ಬಂದಾಗ, ಆ ಹಣ ಬಡವರ ಮಕ್ಕಳ ಓದಿಗೆ ಸಲ್ಲಲೆಂದು ಅವರೊಬ್ಬರೇ ವಿರುದ್ಧವಾಗಿ ಮತ ಕೊಟ್ಟರು. ದೊಡ್ಡ ಮಾರುಕಟ್ಟೆಯ ಕಟ್ಟಡಕ್ಕೆ ಲಕ್ಷಗಟ್ಟಲೆ ಸುರಿಯುವುದನ್ನೂ ಅದೇ ಕಾರಣದಿಂದ ವಿರೋಧಿಸಿದರು. ಮಾರುಕಟ್ಟೆ ಕಟ್ಟಿಯೇ ಕಟ್ಟಿದರು. ರೇ ಮಾರ್ಕೆಟ್ ಎಂದು ಹೆಸರಿಟ್ಟರು. ನಾವು ಬದನೆಕಾಯಿ, ಮೆಂತೆಸೊಪ್ಪು ಕೊಳ್ಳಲು ಹೋಗುವ ಆ ಮಂಡಈಗೆ ಈಗ ಮಹಾತ್ಮಾ ಫುಲೆಯವರದೇ ಹೆಸರು!

ಇನ್ನು 1882ರ ಮಾತು. ದೇಶದ ಶಿಕ್ಷಣದ ಸ್ಥಿತಿಯನ್ನು ವಿಚಾರಿಸಲು ವೈಸರಾಯ್ ರಿಪನ್ನರು ವಿಲಿಯಂ ಹಂಟರ್ ಸಾಹೇಬರ ಅಧ್ಯಕ್ಷತೆಯಲ್ಲಿ ಒಂದು ಆಯೋಗ ನೇಮಿಸಿದರು. ಅಕ್ಟೋಬರ್ 19ರಂದು ಜ್ಯೋತಿಬಾ ತಮ್ಮ ಲಿಖಿತ ಮನವಿಯನ್ನು ಅದಕ್ಕೆ ಒಪ್ಪಿಸಿದರು. ಮಹಾತ್ಮಾ ಎಂಬ ಬಿರುದು ಅವರಿಗೆ ಇನ್ನೂ ಬಂದಿರಲಿಲ್ಲ. ವ್ಯಾಪಾರಿ, ಒಕ್ಕಲಿಗ, ಮುನಿಸಿಪಾಲಿಟಿಯ ಸದಸ್ಯ, ವಾಸ ಜುನಾ ಗಂಜ ಪೇಟೆ, ಇಷ್ಟೇ ಅವರು ತಮ್ಮನ್ನು ಪರಿಚಯಿಸಿಕೊಂಡ ಬಗೆ. ಜೊತೆಗೆ ತಾವೂ ಹೆಂಡತಿಯೂ ಶಾಲೆ ನಡೆಸಿ ಪಡೆದ ಅನುಭವವನ್ನು ಹೇಳಿಕೊಂಡರು.

ಆ ಮನವಿಯಲ್ಲಿ ಕಣ್ಣೀರಿಗಿಂತ ಲೆಕ್ಕ ಹೆಚ್ಚು. ಪ್ರಾಂತದ ಹಳ್ಳಿಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೆ, ಅಂದರೆ ಸುಮಾರು ಹತ್ತು ಲಕ್ಷ ಮಕ್ಕಳಿಗೆ, ಪ್ರಾಥಮಿಕ ಶಿಕ್ಷಣದ ಏರ್ಪಾಡೇ ಇಲ್ಲವೆಂದು ತೋರಿಸಿದರು. ಶಿಕ್ಷಣದ ಹೆಸರಿನಲ್ಲಿ ರೈತನಿಂದ ಪಟ್ಟಿ ಎತ್ತುತ್ತೀರಿ, ಎತ್ತಿದ ಉದ್ದೇಶಕ್ಕೆ ಅದನ್ನು ಖರ್ಚು ಮಾಡುವುದಿಲ್ಲ. ಸರಕಾರದ ಬೊಕ್ಕಸ ತುಂಬುವುದು ಒಕ್ಕಲಿಗನ ಬೆವರಿನಿಂದ, ಅದು ವೆಚ್ಚವಾಗುವುದು ಮೇಲಿನವರ ಉಚ್ಚ ಶಿಕ್ಷಣಕ್ಕೆ, ಎಂಬುದು ಅವರ ವಾದದ ತಿರುಳು. ಮೇಲಿನವರು ಕಲಿತರೆ ವಿದ್ಯೆ ತಾನಾಗಿ ಕೆಳಗೆ ಇಳಿಯುತ್ತದೆಂಬ ಆಗಿನ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಹಾಗೆ ಇಳಿದುದನ್ನು ಅವರು ಕಂಡಿರಲಿಲ್ಲ.

ಕೇಳಿದುದೆಲ್ಲ ಖಚಿತವಾದುದು. ಕನಿಷ್ಠ ಹನ್ನೆರಡು ವರ್ಷದವರೆಗೆ ಶಿಕ್ಷಣ ಕಡ್ಡಾಯವಾಗಬೇಕು. ಸ್ಥಳೀಯ ಪಟ್ಟಿಯ ಹಣದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಪಾಲು ಪ್ರಾಥಮಿಕ ಶಾಲೆಗಳಿಗೆ ಸಲ್ಲಬೇಕು. ಮಾಸ್ತರರಿಗೆ ತರಬೇತಿಯಿರಬೇಕು, ಹನ್ನೆರಡು ರೂಪಾಯಿಗೆ ಕಡಿಮೆ ಸಂಬಳ ಕೊಡಬಾರದು, ದೊಡ್ಡ ಊರಾದರೆ ಹದಿನೈದು, ಇಪ್ಪತ್ತು. ಮಾಸ್ತರರು ಆದಷ್ಟೂ ಒಕ್ಕಲು ಮನೆತನಗಳಿಂದ ಬರಬೇಕು, ಸಮಯ ಬಿದ್ದರೆ ನೇಗಿಲಿನ ಮೇಳಿಯನ್ನೂ ಬಡಿಗನ ಬಾಚಿಯನ್ನೂ ಹಿಡಿಯಬಲ್ಲವರಾಗಿರಬೇಕು. ಓದು, ಬರಹ, ಲೆಕ್ಕದ ಜೊತೆಗೆ ಒಕ್ಕಲುತನದ ಮತ್ತು ಆರೋಗ್ಯದ ಪಾಠ ಬೇಕು. ತನಿಖೆಯವರು ಮುನ್ಸೂಚನೆಯಿಲ್ಲದೆ ಬರಬೇಕು. ಈ ಕೊನೆಯ ಸಲಹೆಯನ್ನು ಶಾಲೆ ನಡೆಸಿದವರಲ್ಲದೆ ಬೇರೆಯವರು ಕೊಡಲಾರರು. ಹೆಣ್ಣುಮಕ್ಕಳನ್ನಾಗಲಿ, ಅಸ್ಪೃಶ್ಯರೆನಿಸಿದವರ ಮಕ್ಕಳನ್ನಾಗಲಿ ಅವರು ಮರೆಯಲಿಲ್ಲ.

ಫಲವೇನಾಯಿತು? ಆಯೋಗವು ಪ್ರಾಥಮಿಕ ಶಿಕ್ಷಣಕ್ಕೆ ಮಹತ್ವವಿರಬೇಕೆಂದಿತು, ಅದರ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಬೇಕೆಂದಿತು. ಕಡ್ಡಾಯದ ಮಾತನ್ನು ಕೈಬಿಟ್ಟಿತು. ಜ್ಯೋತಿಬಾ ಸುಮ್ಮನಾಗಲಿಲ್ಲ. 1883ರಲ್ಲಿ ಬರೆದ ರೈತರ ಕುರಿತಾದ ಗ್ರಂಥದಲ್ಲಿ ಆಯೋಗದವರ ಕಾರ್ಯವಿಧಾನವನ್ನೇ ತರಾಟೆಗೆ ತೆಗೆದುಕೊಂಡರು. ಆ ಬರವಣಿಗೆಯನ್ನು ಬಡೋದೆಯ ಸಯಾಜಿರಾವ ಗಾಯಕವಾಡ ಮಹಾರಾಜರಿಗೆ ಓದಿ ಹೇಳಿದರು. 1888ರಲ್ಲಿ ರಾಣಿ ವಿಕ್ಟೋರಿಯಾಳ ಮಗ ಡ್ಯೂಕ್ ಆಫ್ ಕನಾಟ್ ಪುಣೆಯಲ್ಲಿ ಔತಣಕ್ಕೆ ಬಂದಾಗ, ಜರತಾರಿ ಉಟ್ಟವರ ನಡುವೆ ಜ್ಯೋತಿಬಾ ರೈತನ ಉಡುಪಿನಲ್ಲಿ ಹೋಗಿ ನಿಂತರು. ಇಲ್ಲಿ ನೆರೆದವರನ್ನು ನೋಡಿ ಹಿಂದುಸ್ಥಾನವನ್ನು ಅಳೆಯಬೇಡಿರಿ, ಹಳ್ಳಿಗಳ ಮಕ್ಕಳಿಗೆ ವಿದ್ಯೆಯಿಲ್ಲವೆಂದು ನಿಮ್ಮ ತಾಯಿಗೆ ತಿಳಿಸಿರಿ, ಎಂಬ ಅರ್ಥದಲ್ಲಿ ಮಾತಾಡಿದರು. ಅದೇ ವರ್ಷ ಮುಂಬಯಿಯ ಜನ ಮಹಾತ್ಮಾ ಎಂದು ಕರೆದರು. ಅದೇ ವರ್ಷ ಅರ್ಧಾಂಗವಾಯು ಬಡಿಯಿತು. ಬಲಗೈ ಬಿದ್ದಮೇಲೆ ಎಡಗೈಯಿಂದ ಬರೆದರು. 1890ರ ನವೆಂಬರ್ 28ರಂದು ಕಾಲವಾದರು.

ಬಡೋದೆಯ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಗೋಖಲೆಯವರು 1911ರಲ್ಲಿ ತಂದ ಮಸೂದೆ ಮರುವರ್ಷ ಬಿದ್ದುಹೋಯಿತು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದ ಪುರಸಭೆಗಳಿಗೆ ಕಡ್ಡಾಯ ಮಾಡುವ ಅಧಿಕಾರ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ ಶಿಕ್ಷಣ ಹಕ್ಕೆಂಬ ಕಾಯಿದೆ ಆದುದು 2009ರಲ್ಲಿ. ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ಜ್ಯೋತಿಬಾ ಕೇಳಿ ಆಗಲೇ 127 ವರ್ಷ ಕಳೆದಿದ್ದವು. ಆ ಕಾಯಿದೆಯ ಪ್ರಕಾರ ಸರಕಾರದ ಹಾಗೂ ಅನುದಾನ ಪಡೆಯುವ ಶಾಲೆಗಳಲ್ಲಿ ವ್ಯವಸ್ಥಾಪನ ಸಮಿತಿಯಿರಬೇಕು, ಅದರ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು. ಬಂದ ಅನುದಾನ ಎಲ್ಲಿ ಖರ್ಚಾಯಿತೆಂದು ನೋಡುವುದು ಆ ಸಮಿತಿಯ ಕೆಲಸಗಳಲ್ಲೊಂದು. ಮುಂಬಯಿ ಮಹಾನಗರಪಾಲಿಕೆ ನಡೆಸುವ ಕನ್ನಡ ಮಾಧ್ಯಮದ ಶಾಲೆಗಳಿಗೂ ಈ ನಿಯಮ ಅನ್ವಯಿಸುತ್ತದೆ.