ಗೋಧಿ ಬಿಟ್ಟರೆ ಎಲ್ಲರಿಗೂ ಆರೋಗ್ಯವೇ? ಗ್ಲುಟೆನ್ ಇಲ್ಲದ ಪಥ್ಯ ಕಂಡುಹಿಡಿದ ಡಾಕ್ಟರ್ ಡಿಕ್ಕೆ ಅವರ ಕಥೆ

ಗೋಧಿ ಬಿಟ್ಟರೆ ಹೊಟ್ಟೆ ಉಬ್ಬರ ಹೋಗುತ್ತದೆ, ತೂಕ ಇಳಿಯುತ್ತದೆ, ಮಂಡಿ ನೋವು, ಸುಸ್ತು ಎಲ್ಲ ಮಾಯವಾಗುತ್ತದೆ ಎನ್ನುವ ಫಾರ್ವರ್ಡ್ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಚಪಾತಿ ತಿನ್ನುವುದೇ ತಪ್ಪೇನೋ ಎನ್ನುವಷ್ಟು ಹೆದರಿಕೆ ಹುಟ್ಟಿಸುವ ವಿಡಿಯೊಗಳೂ ಇವೆ. ಇದು ನಿಜವೋ ಸುಳ್ಳೋ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಬದಲು, ಈ ಪಥ್ಯ ಎಲ್ಲಿಂದ ಬಂತು ಎಂದು ನಾವು ನೋಡೋಣ. ಇದನ್ನು ಜಗತ್ತಿಗೆ ಕೊಟ್ಟವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ಡಾಕ್ಟರ್ ವಿಲ್ಲೆಮ್ ಕಾರೆಲ್ ಡಿಕ್ಕೆ. ಅವರು ಏನು ಮಾಡಿದರು ಎಂದು ತಿಳಿದರೆ, ಗೋಧಿ ಯಾರು ಬಿಡಬೇಕು, ಯಾರು ಬಿಡಬೇಕಾಗಿಲ್ಲ ಎನ್ನುವುದು ಸುಲಭವಾಗಿ ಅರ್ಥವಾಗುತ್ತದೆ.

ತಿಂದರೂ ಸೊರಗುತ್ತಿದ್ದ ಮಕ್ಕಳು

ನೂರು ವರ್ಷದ ಹಿಂದೆ ಯುರೋಪಿನ ಮಕ್ಕಳ ಆಸ್ಪತ್ರೆಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣುತ್ತಿತ್ತು. ಒಂದೆರಡು ವರ್ಷದ ಮಗು. ಕೈಕಾಲು ಕಡ್ಡಿಯಂತೆ, ಹೊಟ್ಟೆ ಮಾತ್ರ ಗುಡಾಣ. ದಿನಕ್ಕೆ ಹಲವು ಸಲ ಜಿಡ್ಡುಜಿಡ್ಡಾದ, ನಾತದ ಭೇದಿ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಬೆಳವಣಿಗೆ ನಿಂತೇಹೋಗುತ್ತಿತ್ತು. ಎಷ್ಟೋ ಮಕ್ಕಳು ಸಾಯುತ್ತಿದ್ದವು. ಇದೇ ಸೀಲಿಯಾಕ್ ಕಾಯಿಲೆ.

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಇದರ ಬಗ್ಗೆ ವಿವರವಾಗಿ ಬರೆದರು. ಇದು ಗುಣವಾಗುವುದಾದರೆ ಊಟದಿಂದಲೇ ಗುಣವಾಗಬೇಕು ಎಂದು ಅವರು ಸರಿಯಾಗಿಯೇ ಊಹಿಸಿದ್ದರು. ಮಸೆಲ್ ಎಂಬ ಚಿಪ್ಪುಮೀನು ತಿಂದು ಚೇತರಿಸಿಕೊಂಡ ಮಗುವೊಂದನ್ನೂ ಅವರು ನೋಡಿದ್ದರು. ಆದರೆ ಯಾವ ಆಹಾರ ಬಿಡಬೇಕು ಎಂದು ತಿಳಿದಿರಲಿಲ್ಲ. ಅವರ ಪಥ್ಯದಲ್ಲಿ ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡಿಗೆ ಜಾಗವಿತ್ತು!

1924ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಪ್ರಕಟಿಸಿದರು. ಬ್ರೆಡ್, ಆಲೂಗಡ್ಡೆ, ಧಾನ್ಯ ಎಲ್ಲ ಬಂದ್. ಬಾಳೆಹಣ್ಣು ಮಾತ್ರ ಧಾರಾಳ. ಮಕ್ಕಳು ನಿಜವಾಗಿಯೂ ಚೇತರಿಸಿಕೊಂಡವು, ಬಾಳೆಹಣ್ಣೇ ಔಷಧಿ ಎಂದು ಎಲ್ಲೆಡೆ ಹೆಸರಾಯಿತು. ಆದರೆ ಗುಣ ಬಾಳೆಹಣ್ಣಿನದಾಗಿರಲಿಲ್ಲ, ಬ್ರೆಡ್ ಬಿಟ್ಟಿದ್ದರದ್ದು. ಇದು ಗೊತ್ತಾಗದೆ, ಮಗು ವಾಸಿಯಾಯಿತು ಎಂದು ತಂದೆತಾಯಂದಿರು ಮತ್ತೆ ಬ್ರೆಡ್ ಕೊಡುತ್ತಿದ್ದರು. ಕಾಯಿಲೆ ಒಳಗೊಳಗೇ ಮುಂದುವರಿಯುತ್ತಿತ್ತು.

ಇಲ್ಲೊಂದು ಪಾಠ ಇದೆ. ಏನೋ ತಿಂದ ಮೇಲೆ ಗುಣವಾಯಿತು ಎಂದಮಾತ್ರಕ್ಕೆ ಅದರಿಂದಲೇ ಗುಣವಾಯಿತು ಎಂದು ಹೇಳಲಾಗದು. ಇಂದಿನ ಫಾರ್ವರ್ಡ್‌ಗಳಲ್ಲೂ ಇದೇ ಎಡವಟ್ಟು ನಡೆಯುತ್ತದೆ.

ಒಬ್ಬ ತಾಯಿ ಗಮನಿಸಿದ್ದು

ಡಿಕ್ಕೆ ಹುಟ್ಟಿದ್ದು 1905ರಲ್ಲಿ, ನೆದರ್‌ಲ್ಯಾಂಡ್ಸ್‌ನ ಡೋರ್ಡ್ರೆಕ್ಟ್ ಊರಿನಲ್ಲಿ. ಲೈಡನ್‌ನಲ್ಲಿ ವೈದ್ಯಕೀಯ ಓದಿ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಾಗಿ ತರಬೇತಿ ಪಡೆದರು. 1936ರಲ್ಲಿ, ಇನ್ನೂ 31ರ ವಯಸ್ಸಿನಲ್ಲೇ, ಅದೇ ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರಾದರು.

ಅವರ ತಲೆಯಲ್ಲಿ ಗೋಧಿಯ ಯೋಚನೆ ಮೂಡಿದ್ದು ಯಾವುದೋ ದೊಡ್ಡ ಪ್ರಯೋಗಾಲಯದಿಂದಲ್ಲ. ಸೀಲಿಯಾಕ್ ಇದ್ದ ಮಗುವಿನ ತಾಯಿಯೊಬ್ಬರು ಒಂದು ವಿಷಯ ಗಮನಿಸಿದ್ದರು. ಬ್ರೆಡ್ ನಿಲ್ಲಿಸಿದರೆ ಮಗುವಿನ ಮೈಮೇಲಿನ ಗುಳ್ಳೆ ಬೇಗ ಕಡಿಮೆಯಾಗುತ್ತಿತ್ತು. 1930ರ ದಶಕದ ಆರಂಭದಲ್ಲಿ ಈ ಸುದ್ದಿ ಡಿಕ್ಕೆ ಅವರ ಕಿವಿಗೆ ಬಿತ್ತು. ಮನೆಯ ಹೆಂಗಸರ ಮಾತು ಎಂದು ಅವರು ಅದನ್ನು ತಳ್ಳಿಹಾಕಲಿಲ್ಲ. ಹಾಗೆಂದು ಕೇಳಿದ ತಕ್ಷಣ ನಂಬಿ ಎಲ್ಲರಿಗೂ ಹೇಳುತ್ತ ಹೋಗಲೂ ಇಲ್ಲ. ಪರೀಕ್ಷೆ ಮಾಡಿ ನೋಡಲು ಹೊರಟರು. 1930ರ ದಶಕದ ಮಧ್ಯದಿಂದ ತಮ್ಮ ಆಸ್ಪತ್ರೆಯ ಸೀಲಿಯಾಕ್ ಮಕ್ಕಳಿಗೆ ಗೋಧಿ ಇಲ್ಲದ ಊಟ ಕೊಟ್ಟು ಏನಾಗುತ್ತದೆಂದು ಬರೆದಿಡತೊಡಗಿದರು.

1941ರಲ್ಲಿ ಅವರ ಮೊದಲ ಲೇಖನ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಗ ದೇಶ ಜರ್ಮನಿಯ ಹಿಡಿತದಲ್ಲಿತ್ತು. ಬಾಳೆಹಣ್ಣು, ಬೇರೆ ಹಣ್ಣು ಯಾವುದೂ ಸಿಗುತ್ತಿರಲಿಲ್ಲ. ಹಾಗಾಗಿ ಡಿಕ್ಕೆ ರೇಷನ್ ಕಾಲಕ್ಕೆ ಹೊಂದುವ ಸರಳ ಪಥ್ಯ ಸೂಚಿಸಿದರು. ಬ್ರೆಡ್ ಬೇಡ, ರಸ್ಕ್ ಬೇಡ. ದಿನಕ್ಕೆ ಎರಡು ಹೊತ್ತು ಬಿಸಿ ಊಟ, ಮೂರನೆಯ ಹೊತ್ತಿಗೆ ಗೋಧಿಹಿಟ್ಟು ಸೇರಿಸದ ಗಂಜಿ.

ಬರಗಾಲದ ಚಳಿಗಾಲ: ಕಥೆ ಎಷ್ಟು, ನಿಜ ಎಷ್ಟು?

ಡಿಕ್ಕೆ ಬಗ್ಗೆ ಹೆಚ್ಚು ಹರಿದಾಡುವ ಕಥೆ ಇದು. 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ನಿಂತುಹೋಯಿತು. ಜನ ಸಕ್ಕರೆ ಬೀಟ್ ಗಡ್ಡೆ, ಟ್ಯೂಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಹಸಿವಿನಿಂದ ಸಾವಿರಾರು ಜನ ಸತ್ತರು. ಬ್ರೆಡ್ ಕಣ್ಣಿಗೂ ಬೀಳದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದವು, ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದವು. ಅದನ್ನು ನೋಡಿಯೇ ಡಿಕ್ಕೆಗೆ ಗುಟ್ಟು ಹೊಳೆಯಿತು ಎನ್ನುತ್ತದೆ ಕಥೆ.

ಕೇಳಲು ಚೆನ್ನಾಗಿದೆ, ಆದರೆ ತಾರೀಖು ನೋಡಿ. ಬ್ರೆಡ್ ಬೇಡ ಎಂಬ ಲೇಖನ ಬಂದದ್ದು 1941ರಲ್ಲಿ. ಬರ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಅಂದರೆ ಬರ ಅವರಿಗೆ ಹೊಸ ಯೋಚನೆ ಕೊಡಲಿಲ್ಲ, ಮೊದಲೇ ಇದ್ದ ಅನುಮಾನವನ್ನು ಗಟ್ಟಿ ಮಾಡಿತು ಅಷ್ಟೇ. ಒಂದೇ ದಿನದಲ್ಲಿ ಹೊಳೆದ ಪವಾಡಕ್ಕಿಂತ ಹತ್ತು ಹದಿನೈದು ವರ್ಷದ ತಾಳ್ಮೆಯೇ ಇಲ್ಲಿ ದೊಡ್ಡದು ಎಂದು ನಮಗೆ ಅನ್ನಿಸುತ್ತದೆ.

ತೂಕದ ಪಟ್ಟಿ, ಮಲದ ಪರೀಕ್ಷೆ

ಯುದ್ಧ ಮುಗಿದ ಮೇಲೆ ಡಿಕ್ಕೆ ಉಟ್ರೆಕ್ಟ್ ನಗರದ ಇಬ್ಬರ ಜೊತೆ ಸೇರಿದರು. ಒಬ್ಬರು ಮಕ್ಕಳ ವೈದ್ಯ ವೈಯರ್ಸ್, ಇನ್ನೊಬ್ಬರು ಜೀವರಸಾಯನ ತಜ್ಞ ವಾನ್ ಡೆ ಕಾಮರ್. ಮಲದಲ್ಲಿ ಎಷ್ಟು ಕೊಬ್ಬು ಹೊರಹೋಗುತ್ತಿದೆ ಎಂದು ಅಳೆಯುವ ನಿಖರ ವಿಧಾನವನ್ನು ವಾನ್ ಡೆ ಕಾಮರ್ ರೂಪಿಸಿದ್ದರು. ಕೊಬ್ಬು ಹೆಚ್ಚು ಹೊರಹೋದರೆ ಕರುಳು ಆಹಾರ ಹೀರಿಕೊಳ್ಳುತ್ತಿಲ್ಲ ಎಂದರ್ಥ.

ಕೆಲವೇ ಮಕ್ಕಳು, ಆದರೆ ದೀರ್ಘ ಕಾಲದ ಲೆಕ್ಕ. ಗೋಧಿ ಇಲ್ಲದ ದಿನಗಳಲ್ಲಿ ಮಗುವಿನ ತೂಕ ಏರುತ್ತಿತ್ತು, ಹಸಿವು ಮರಳುತ್ತಿತ್ತು. ಗೋಧಿ ಮತ್ತೆ ಕೊಟ್ಟರೆ ಕೆಲ ಸಮಯದಲ್ಲಿ ಭೇದಿ ಶುರು, ತೂಕ ಇಳಿಕೆ, ಮಲದಲ್ಲಿ ಕೊಬ್ಬು ಹೆಚ್ಚಳ. ಮತ್ತೆ ನಿಲ್ಲಿಸಿದರೆ ಮತ್ತೆ ಚೇತರಿಕೆ. ರೈ ಎಂಬ ಧಾನ್ಯವೂ ಇದೇ ತೊಂದರೆ ಕೊಟ್ಟಿತು. ಅಕ್ಕಿಹಿಟ್ಟು, ಜೋಳದಂಥ ಮೆಕ್ಕೆಜೋಳದ ಹಿಟ್ಟು ಏನೂ ಮಾಡಲಿಲ್ಲ. 1950ರಲ್ಲಿ ಡಿಕ್ಕೆ ಇದನ್ನೆಲ್ಲ ಸೇರಿಸಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಪ್ರಬಂಧ ಸಲ್ಲಿಸಿದರು.

ಗೋಧಿಯಲ್ಲಿ ಯಾವ ಅಂಶ ಎನ್ನುವುದು ಮುಂದಿನ ಪ್ರಶ್ನೆ. ಇದನ್ನು ನೀವು ಅಡುಗೆಮನೆಯಲ್ಲೇ ನೋಡಬಹುದು. ಚಪಾತಿ ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ಹಿಸುಕುತ್ತಾ ತೊಳೆಯಿರಿ. ಬಿಳಿ ನೀರಾಗಿ ಹರಿದುಹೋಗುವುದು ಪಿಷ್ಟ. ಕೊನೆಗೆ ಕೈಯಲ್ಲಿ ಉಳಿಯುವ ರಬ್ಬರಿನಂಥ ಅಂಟು ಮುದ್ದೆ ಬಹುಪಾಲು ಗ್ಲುಟೆನ್ ಎಂಬ ಪ್ರೋಟೀನ್. ಚಪಾತಿ ಹರಿಯದೆ ಹಿಗ್ಗುವುದು ಇದರಿಂದಲೇ. ಪಿಷ್ಟ ತೊಂದರೆ ಕೊಡುವುದಿಲ್ಲ, ಗ್ಲುಟೆನ್ ಕೊಡುತ್ತದೆ ಎಂದು 1950ರ ದಶಕದ ಮೊದಲ ವರ್ಷಗಳಲ್ಲಿ ಗೊತ್ತಾಯಿತು. ಡಚ್ ತಂಡದ ಜೊತೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಚಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರೂ 1952ರಲ್ಲಿ ಇದೇ ತೀರ್ಮಾನಕ್ಕೆ ಬಂದರು.

ಮುಂದೆ ಡಿಕ್ಕೆ ಉಟ್ರೆಕ್ಟ್‌ನಲ್ಲಿ ಪ್ರಾಧ್ಯಾಪಕರಾದರು, ಅಲ್ಲಿನ ವಿಲ್ಹೆಲ್ಮಿನಾ ಮಕ್ಕಳ ಆಸ್ಪತ್ರೆಯ ಹೊಣೆ ಹೊತ್ತರು. 1962ರಲ್ಲಿ, 57ರ ವಯಸ್ಸಿನಲ್ಲಿ ತೀರಿಕೊಂಡರು. ಸೀಲಿಯಾಕ್ ಕಾಯಿಲೆಗೆ ಇವತ್ತಿಗೂ ಮುಖ್ಯ ಚಿಕಿತ್ಸೆ ಅವರು ತೋರಿಸಿದ ಅದೇ ಪಥ್ಯ.

ದೇಹದೊಳಗೆ ಆಗುವುದೇನು?

ನಮ್ಮ ಸಣ್ಣ ಕರುಳಿನ ಒಳಗೋಡೆಯ ಮೇಲೆ ಬೆರಳಿನಂಥ ಸೂಕ್ಷ್ಮ ಎಳೆಗಳು ಒತ್ತೊತ್ತಾಗಿ ಇರುತ್ತವೆ. ಆಹಾರದ ಸತ್ವ ಹೀರಿಕೊಳ್ಳುವುದು ಇವೇ. ಸೀಲಿಯಾಕ್ ಇರುವವರು ಗ್ಲುಟೆನ್ ತಿಂದಾಗ ಅವರ ರೋಗನಿರೋಧಕ ವ್ಯವಸ್ಥೆ ತಮ್ಮದೇ ಕರುಳಿನ ಮೇಲೆ ದಾಳಿ ಮಾಡುತ್ತದೆ. ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ, ಕ್ಯಾಲ್ಸಿಯಂ, ಕೊಬ್ಬು ಯಾವುದೂ ಸರಿಯಾಗಿ ಮೈಗೆ ಸೇರುವುದಿಲ್ಲ. ಭೇದಿಯೇ ಇರಬೇಕೆಂದಿಲ್ಲ. ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಮಗು ಕುಳ್ಳಾಗಿಯೇ ಉಳಿಯುವುದು, ಮೂಳೆ ಸವೆತ, ತುರಿಕೆಯ ಗುಳ್ಳೆ ಹೀಗೂ ಕಾಣಬಹುದು.

2016ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ, ಉತ್ತರ ಭಾರತದಲ್ಲಿ ಪರೀಕ್ಷಿಸಿದ ವಯಸ್ಕರ ಪೈಕಿ ಸುಮಾರು 100ಕ್ಕೆ ಒಬ್ಬರಲ್ಲಿ ಈ ಕಾಯಿಲೆ ಕಂಡುಬಂತು. ದಕ್ಷಿಣದಲ್ಲಿ ಸುಮಾರು 1000ಕ್ಕೆ ಒಬ್ಬರಲ್ಲಿ. ನಮ್ಮ ಕಡೆ ಕಡಿಮೆ ನಿಜ, ಆದರೆ ಇಲ್ಲವೇ ಇಲ್ಲ ಎಂದಲ್ಲ.

ಹಾಗಾದರೆ ನಾವೆಲ್ಲ ಗೋಧಿ ಬಿಡಬೇಕೇ?

ಸೀಲಿಯಾಕ್ ಅಥವಾ ಗೋಧಿ ಅಲರ್ಜಿ ಇಲ್ಲದವರಿಗೆ ಗ್ಲುಟೆನ್ ಬಿಟ್ಟರೆ ಆರೋಗ್ಯ ಸುಧಾರಿಸುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ಡಿಕ್ಕೆ ಅವರ ಪಥ್ಯ ಒಂದು ಕಾಯಿಲೆಗೆ ಔಷಧಿ, ಎಲ್ಲರೂ ಕುಡಿಯುವ ಟಾನಿಕ್ ಅಲ್ಲ.

ಆದರೂ ಕೆಲವರಿಗೆ ಹಗುರ ಅನ್ನಿಸುತ್ತದಲ್ಲ? ಅದು ಸುಳ್ಳಲ್ಲ. ಗೋಧಿ ಬಿಡುವಾಗ ಬಿಸ್ಕತ್ತು, ಪಫ್ಸ್, ಪರೋಟಾ, ಕೇಕ್ ಕೂಡ ಬಿಟ್ಟುಹೋಗುತ್ತವೆ. ಸಕ್ಕರೆ, ಎಣ್ಣೆ ಕಡಿಮೆಯಾದರೆ ತೂಕ ಇಳಿಯಬಹುದು. ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆ ಜಾತಿಯ ಅಂಶವೂ ಕೆಲವರಿಗೆ ಹೊಟ್ಟೆ ಉಬ್ಬರ ತರುತ್ತದೆ. ಹಾಸ್ ಅವರ ಬಾಳೆಹಣ್ಣಿನ ಕಥೆ ನೆನಪಿಸಿಕೊಳ್ಳಿ. ಗುಣ ಬಂದದ್ದು ಯಾವುದರಿಂದ ಎಂದು ನೋಡದೆ ಹೆಸರು ಕೊಡಬಾರದು.

ಗ್ಲುಟೆನ್ ಇಲ್ಲ ಎಂಬ ಲೇಬಲ್ಲಿನ ಬಿಸ್ಕತ್ತು, ಬ್ರೆಡ್ಡುಗಳ ಬೆಲೆ ಹೆಚ್ಚು, ಎಷ್ಟೋ ಸಲ ನಾರಿನಂಶ ಕಡಿಮೆ. ರಾಗಿ ಮುದ್ದೆ, ಜೋಳದ ರೊಟ್ಟಿ, ಅನ್ನ, ನವಣೆ, ಸಜ್ಜೆ ಇವುಗಳಲ್ಲಿ ಗ್ಲುಟೆನ್ ಮೊದಲಿನಿಂದಲೂ ಇಲ್ಲ. ಇಷ್ಟವಿದ್ದರೆ ಧಾರಾಳವಾಗಿ ತಿನ್ನಿ. ಅದಕ್ಕಾಗಿ ಚಪಾತಿಗೆ ಹೆದರಬೇಕಾಗಿಲ್ಲ.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಫಾರ್ವರ್ಡ್‌ಗಳಿಂದ ಆಗುವ ನಿಜವಾದ ಹಾನಿ ಇಲ್ಲಿದೆ. ಸೀಲಿಯಾಕ್ ಪತ್ತೆಗೆ ಮೊದಲು ಟಿಟಿಜಿ ಎಂಬ ರಕ್ತಪರೀಕ್ಷೆ, ನಂತರ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಸಣ್ಣ ತುಣುಕಿನ ಪರೀಕ್ಷೆ ಮಾಡುತ್ತಾರೆ. ಇವೆರಡೂ ಸರಿಯಾಗಿ ತೋರಿಸಬೇಕಾದರೆ ನೀವು ಗೋಧಿ ತಿನ್ನುತ್ತಿರಬೇಕು. ಮೊದಲೇ ಬಿಟ್ಟಿದ್ದರೆ ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ಆಗ ಕಾಯಿಲೆ ಇಲ್ಲ ಎಂದುಕೊಂಡು ಹಬ್ಬಕ್ಕೆ ಹೋಳಿಗೆ, ಮದುವೆಗೆ ಕೇಸರಿಬಾತು ಎಂದು ಆಗಾಗ ತಿನ್ನುತ್ತಾ ಹೋದರೆ ಕರುಳು ವರ್ಷಗಟ್ಟಲೆ ಹಾಳಾಗುತ್ತದೆ.

ಸೀಲಿಯಾಕ್ ಖಚಿತವಾದವರಿಗೆ ಪಥ್ಯ ಜೀವನಪೂರ್ತಿ, ಸ್ವಲ್ಪವೂ ರಿಯಾಯಿತಿ ಇಲ್ಲ. ಚಪಾತಿ ಬಿಟ್ಟರೆ ಸಾಲದು. ಗೋಧಿ ರವೆಯ ಉಪ್ಪಿಟ್ಟು, ರವೆ ಇಡ್ಲಿ, ಗೋಧಿ ಶಾವಿಗೆ, ಮೈದಾ, ಬಾರ್ಲಿ ಎಲ್ಲ ಬಿಡಬೇಕು. ಅಂಗಡಿಯ ಇಂಗಿಗೂ ಎಷ್ಟೋ ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ. ಪೊಟ್ಟಣದ ಹಿಂಬದಿ ಓದಬೇಕು. ನಮ್ಮ ದೇಶದ ನಿಯಮದ ಪ್ರಕಾರ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್ ಇಲ್ಲದ ಆಹಾರ ಎಂದು ಮಾರಬಹುದು. ಮನೆಗೆ ಬಂದ ಸೀಲಿಯಾಕ್ ಮಗುವಿಗೆ ಒಂದು ಬಿಸ್ಕತ್ತು ತಿಂದರೆ ಏನಾಗುತ್ತದೆ ಎಂದು ದಯವಿಟ್ಟು ಒತ್ತಾಯ ಮಾಡಬೇಡಿ. ಗೋಧಿ ಬಿಡುವುದು ಬರೀ ಫ್ಯಾಷನ್ ಎಂದು ಎಲ್ಲರೂ ಅಂದುಕೊಂಡರೆ, ನಿಜಕ್ಕೂ ಬಿಡಲೇಬೇಕಾದವರ ಮಾತನ್ನು ಯಾರೂ ಕೇಳುವುದಿಲ್ಲ.

ನೆನಪಿಡಿ, ಹಂಚಿಕೊಳ್ಳಿ

• ಸೀಲಿಯಾಕ್ ಇರುವವರಿಗೆ ಗ್ಲುಟೆನ್ ಇಲ್ಲದ ಊಟ ಕಡ್ಡಾಯ, ಅದೂ ಜೀವನಪೂರ್ತಿ.
• ಉಳಿದವರಿಗೆ ಗೋಧಿ ವಿಷವಲ್ಲ.
• ವಾಸಿಯಾಗದ ಭೇದಿ, ರಕ್ತಹೀನತೆ, ಮಗುವಿನ ಬೆಳವಣಿಗೆ ಕುಂಠಿತ ಇದ್ದರೆ ವೈದ್ಯರನ್ನು ಕಾಣಿ.
• ಪರೀಕ್ಷೆ ಆಗುವವರೆಗೆ ಗೋಧಿ ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಅದನ್ನು ವೈದ್ಯರಿಗೆ ಹೇಳಿ.

ಗೋಧಿ ಬಿಡಿ ಎನ್ನುವ ಫಾರ್ವರ್ಡ್ ಮತ್ತೆ ಗುಂಪಿಗೆ ಬಂದರೆ, ಅದರ ಕೆಳಗೆ ಈ ಲೇಖನ ಹಾಕಿ. ಆ ಗುಂಪಿನಲ್ಲಿ ಯಾರದೋ ಮನೆಯ ಮಗು ತಿಂದರೂ ಸೊರಗುತ್ತಿರಬಹುದು.