ಬಣ್ಣದ ಕಾರ್ಖಾನೆಗೆ ಬೇಡವಾದ ವೈದ್ಯ

ವಿಲ್‌ಹೆಲ್ಮ್ ಹ್ಯೂಪರ್ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ (1962) ಓದುವಾಗ. ಕೀಟನಾಶಕಗಳ ಅಪಾಯವನ್ನು ಸಾರಿದ ಆ ಪುಸ್ತಕವನ್ನು ಬಲ್ಲವರು ಬಹಳ. ಅದರ ಕ್ಯಾನ್ಸರ್ ಅಧ್ಯಾಯಕ್ಕೆ ಆಧಾರ ಒದಗಿಸಿದ ಈ ವೈದ್ಯರು ಪಟ್ಟ ಪಾಡನ್ನು ಬಲ್ಲವರು ವಿರಳ. ಕಾರ್ಮಿಕರ ದೇಹದೊಳಗೆ ಏನು ನಡೆಯುತ್ತಿದೆ ಎಂದು ನೋಡಹೊರಟದ್ದೇ ಅವರ ಅಪರಾಧವಾಯಿತು.

1894ರಲ್ಲಿ ಜರ್ಮನಿಯಲ್ಲಿ ಜನಿಸಿದ ಹ್ಯೂಪರ್, 1923ರಲ್ಲಿ ಅಮೆರಿಕಕ್ಕೆ ವಲಸೆ ಬಂದ ರೋಗಶಾಸ್ತ್ರಜ್ಞ. ಬಣ್ಣ ತಯಾರಿಕೆಗೂ ಮೂತ್ರಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲೇ ವರದಿ ಮಾಡಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಈ ಉದ್ಯಮ ಅಮೆರಿಕದಲ್ಲೂ ಬೇರೂರಿತು. ರೋಗ ತಲೆದೋರಲು ಹತ್ತಿಪ್ಪತ್ತು ವರ್ಷ ಬೇಕು. ಆ ಗಡುವು ಸಮೀಪಿಸುತ್ತಿದೆ ಎಂದು ಲೆಕ್ಕ ಹಾಕಿದ ಹ್ಯೂಪರ್, ಡ್ಯುಪಾಂಟ್ ಕಂಪನಿಯನ್ನು ಎಚ್ಚರಿಸಿದರು. ಅಂಥದ್ದೇನೂ ಇಲ್ಲವೆಂಬ ಉತ್ತರ ಬಂತು. ಆದರೆ ಹೆಚ್ಚು ಕಾಲ ಕಳೆಯುವ ಮೊದಲೇ, 23 ಕಾರ್ಮಿಕರಲ್ಲಿ ರೋಗ ಪತ್ತೆಯಾದ ಸಂಗತಿ ಕಂಪನಿಯ ವೈದ್ಯರಿಂದಲೇ ತಿಳಿಯಿತು. 1934ರಲ್ಲಿ ಅವರು ಅದೇ ಕಂಪನಿಯ ನೌಕರಿಗೆ ಸೇರಿದರು.

ಬೀಟಾ-ನ್ಯಾಫ್ತೈಲಮೈನ್, ಬೆಂಜಿಡೀನ್ ಮುಂತಾದ ರಾಸಾಯನಿಕಗಳು ಉಸಿರಿನಿಂದಷ್ಟೇ ಅಲ್ಲ, ಚರ್ಮದ ಮೂಲಕವೂ ದೇಹ ಹೊಗುತ್ತವೆ. ಯಕೃತ್ತಿನಲ್ಲಿ ರೂಪಾಂತರಗೊಂಡು ಮೂತ್ರದೊಂದಿಗೆ ಇಳಿದು, ಮೂತ್ರಕೋಶದ ಒಳಪದರಕ್ಕೆ ಗಂಟೆಗಟ್ಟಲೆ ತಾಗಿಕೊಂಡಿರುತ್ತವೆ. ಕಾರ್ಖಾನೆಯ ಗಾಳಿಯನ್ನು ಎಷ್ಟು ಅಳೆದರೂ ಕಾರ್ಮಿಕನ ಮೈಗೆ ಸೇರಿದ್ದೆಷ್ಟು ಎಂಬುದು ತಿಳಿಯದು. ಅದಕ್ಕೆ ಅವನ ಮೂತ್ರವನ್ನೇ ಪರೀಕ್ಷಿಸಬೇಕು. ಹ್ಯೂಪರ್ ಆರಿಸಿಕೊಂಡ ಪ್ರಯೋಗಪ್ರಾಣಿ ನಾಯಿ. ಬೀಟಾ-ನ್ಯಾಫ್ತೈಲಮೈನ್ ಉಣಿಸಿದ ನಾಯಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಬೆಳೆದವು. 1938ರಲ್ಲಿ ಫಲಿತಾಂಶ ಪ್ರಕಟವಾಯಿತು.

ಅಷ್ಟರಲ್ಲಿ ಕಂಪನಿಯೊಡನೆ ಅವರ ಸಂಬಂಧ ಹಳಸಿತ್ತು. ಈ ರಾಸಾಯನಿಕ ತಯಾರಾಗುವ ಸ್ಥಳವನ್ನು ನೋಡಬೇಕೆಂದು ಅವರು ಕೇಳಿದಾಗ ಕಂಡದ್ದು ಅಚ್ಚುಕಟ್ಟಾದ, ಕೆಲಸಗಾರರೇ ವಿರಳವಾದ ಘಟಕ. ಶುಚಿತ್ವವನ್ನು ಮೆಚ್ಚಿ ಮಾತಾಡಿದರೆ, ಅಲ್ಲಿದ್ದ ಮೇಸ್ತ್ರಿ ಗುಟ್ಟು ಬಿಟ್ಟುಕೊಟ್ಟ: ಹಿಂದಿನ ರಾತ್ರಿಯಿಡೀ ಅವರ ಭೇಟಿಗಾಗಿಯೇ ತೊಳೆದು ಗುಡಿಸಲಾಗಿತ್ತು. ಹ್ಯೂಪರ್ ಕೂಡಲೇ, ಮುನ್ಸೂಚನೆಯಿಲ್ಲದೆ, ಬೆಂಜಿಡೀನ್ ಘಟಕಕ್ಕೆ ಕರೆದೊಯ್ಯಲು ಪಟ್ಟುಹಿಡಿದರು. ಅಲ್ಲಿ ರಸ್ತೆ, ಕಿಟಕಿಯ ಅಂಚು, ನೆಲ ಎಲ್ಲೆಲ್ಲೂ ಬಿಳಿಯ ಪುಡಿ. ಕಂಡದ್ದನ್ನು ಮಾಲೀಕರಿಗೆ ಬರೆದರು. ಮತ್ತೆಂದೂ ಆ ಘಟಕಗಳಿಗೆ ಅವರನ್ನು ಬಿಡಲಿಲ್ಲ. 1937ರಲ್ಲಿ ಕೆಲಸವೂ ಹೋಯಿತು. ಸತ್ಯ ಹೇಳಿದ್ದು ಮೇಸ್ತ್ರಿ, ಬೆಲೆ ತೆತ್ತದ್ದು ವೈದ್ಯ. (ಆ ಮೇಸ್ತ್ರಿಯ ಗತಿ ಏನಾಯಿತೋ ಎಂದು ನಾನು ಹಲವು ಸಲ ಯೋಚಿಸಿದ್ದುಂಟು.)

1942ರಲ್ಲಿ ಔದ್ಯೋಗಿಕ ಕ್ಯಾನ್ಸರ್ ಕುರಿತು ಅವರ ಬೃಹತ್ ಗ್ರಂಥ ಹೊರಬಂತು. 1948ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಪರಿಸರ ಕ್ಯಾನ್ಸರ್ ವಿಭಾಗದ ಮುಖ್ಯಸ್ಥರಾದರು. ಸರ್ಕಾರಿ ಹುದ್ದೆಯೂ ಅವರನ್ನು ಕಾಯಲಿಲ್ಲ. ಕೊಲೊರಾಡೊದ ವೈದ್ಯರ ಸಭೆಯೊಂದರಲ್ಲಿ ಮಂಡಿಸಬೇಕಿದ್ದ ಪ್ರಬಂಧದಿಂದ ಯುರೇನಿಯಂ ಗಣಿ ಕಾರ್ಮಿಕರ ಶ್ವಾಸಕೋಶ ಕ್ಯಾನ್ಸರಿನ ಪ್ರಸ್ತಾಪವನ್ನು ತೆಗೆಯುವಂತೆ ಅಣುಶಕ್ತಿ ಆಯೋಗದಿಂದ ಒತ್ತಡ ಬಂದಾಗ ಅವರು ಒಪ್ಪಲಿಲ್ಲ; ಸಭೆಗೇ ಹೋಗಲಿಲ್ಲ. 1952ರಲ್ಲಿ ಕಾರ್ಮಿಕರ ನಡುವೆ ಕ್ಷೇತ್ರ ಅಧ್ಯಯನ ಮಾಡದಂತೆ ಅವರನ್ನು ತಡೆಯಲಾಯಿತು. ಪ್ರಾಣಿಗಳ ಮೇಲೆ ಪ್ರಯೋಗ ನಡೆಸಬಹುದು, ಮನುಷ್ಯರನ್ನು ನೋಡಕೂಡದು! ಯಾವ ಪುರಾವೆಗೆ ಉದ್ಯಮ ಹೆದರುತ್ತಿತ್ತು ಎಂಬುದು ನನಗೆ ಇಲ್ಲಿ ಸ್ಪಷ್ಟವಾಗುತ್ತದೆ. ನಾಯಿಯ ಗಡ್ಡೆಯನ್ನು ನಾಯಿಯದೆಂದು ತಳ್ಳಿಹಾಕಬಹುದು. ಹೆಸರು, ಪಾಳಿ, ಕೆಲಸ ಮಾಡಿದ ವರ್ಷಗಳ ಲೆಕ್ಕವುಳ್ಳ ಕಾರ್ಮಿಕನದನ್ನು ಹಾಗೆ ತಳ್ಳಲಾಗದು.

ಅವರನ್ನು ಸಂತನೆಂದು ಚಿತ್ರಿಸಲು ನನಗೆ ಮನಸ್ಸಿಲ್ಲ. 1933ರಲ್ಲಿ ಹಿಟ್ಲರನ ಜರ್ಮನಿಗೆ ಮರಳಿ ಅಲ್ಲೇ ಹುದ್ದೆ ಪಡೆಯಲು ಯತ್ನಿಸಿದವರು ಅವರು. ಸಿಗರೇಟನ್ನು ಶ್ವಾಸಕೋಶ ಕ್ಯಾನ್ಸರಿನ ಮುಖ್ಯ ಕಾರಣವೆಂದು ಒಪ್ಪದೆ ಹಟ ಹಿಡಿದರು. ಕಾರ್ಖಾನೆಗಳ ತಪ್ಪು ಹೊಗೆಬತ್ತಿಯ ಮರೆಯಲ್ಲಿ ಅಡಗೀತೆಂಬ ಆತಂಕ ಅವರದು. ಆತಂಕ ನಿರಾಧಾರವಲ್ಲ, ತೀರ್ಮಾನ ಮಾತ್ರ ತಪ್ಪು.

1964ರಲ್ಲಿ ಅವರು ನಿವೃತ್ತರಾದರು. ಬೀಟಾ-ನ್ಯಾಫ್ತೈಲಮೈನ್ ಸೇರಿದಂತೆ 14 ಕ್ಯಾನ್ಸರ್‌ಕಾರಕಗಳ ನಡುವೆ ದುಡಿಯುವವರಿಗೆ ಕಾಲಕಾಲಕ್ಕೆ ವೈದ್ಯಕೀಯ ಪರೀಕ್ಷೆಯನ್ನು ಅಮೆರಿಕ ಕಡ್ಡಾಯಗೊಳಿಸಿದ್ದು 1974ರಲ್ಲಿ. ಹ್ಯೂಪರ್ ಅವರಿಗೆ ಆಗ 79 ವರ್ಷ.