ಪ್ಯಾಪ್ ಟೆಸ್ಟ್ ನಾರ್ಮಲ್ ಬಂದರೆ ಗರ್ಭಕೋಶಕ್ಕೆ ಯಾವ ಕ್ಯಾನ್ಸರೂ ಇಲ್ಲವೇ? ಆ ಟೆಸ್ಟ್ ಕೊಟ್ಟ ವೈದ್ಯರ ಕಥೆ ಓದಿ

ಪ್ಯಾಪ್ ಟೆಸ್ಟ್ ನಾರ್ಮಲ್ ಬಂದರೆ ಗರ್ಭಕೋಶದ ಯಾವ ಕ್ಯಾನ್ಸರ್‌ಗೂ ಹೆದರಬೇಕಿಲ್ಲ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ. ಯಾಕೆ ಎಂದು ತಿಳಿಯಲು, ಆ ಟೆಸ್ಟ್‌ಗೆ ಹೆಸರು ಕೊಟ್ಟ ಡಾ. ಜಾರ್ಜ್ ಪಾಪನಿಕೊಲಾವ್ ಅವರ ಬದುಕನ್ನು ನೋಡೋಣ.

ಅವರು ಹುಟ್ಟಿದ್ದು 1883ರಲ್ಲಿ, ಗ್ರೀಸ್‌ನ ಕಿಮಿ ಎಂಬ ಊರಿನಲ್ಲಿ. ಅಥೆನ್ಸ್‌ನಲ್ಲಿ ವೈದ್ಯಕೀಯ, ಮ್ಯೂನಿಕ್‌ನಲ್ಲಿ ಪಿಎಚ್‌ಡಿ ಮುಗಿಸಿ 1913ರಲ್ಲಿ ಪತ್ನಿ ಮೇರಿ ಜೊತೆ ಅಮೆರಿಕಕ್ಕೆ ಹೋದರು. ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ನ್ಯೂಯಾರ್ಕ್‌ನ ಅಂಗಡಿಯಲ್ಲಿ ಈ ಡಾಕ್ಟರು ರತ್ನಗಂಬಳಿ ಮಾರಿದರು, ಮೇರಿ ಬಟ್ಟೆಗೆ ಗುಂಡಿ ಹೊಲಿದರು.

ಕೊನೆಗೆ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತು. ಗಿನಿಯಿಲಿಗಳ ಯೋನಿಸ್ರಾವದಲ್ಲಿನ ಜೀವಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಅವುಗಳ ಋತುಚಕ್ರವನ್ನು ಗುರುತಿಸಿದರು. ಆಮೇಲೆ ಇದನ್ನೇ ಮನುಷ್ಯರಲ್ಲಿ ನೋಡಲು ಮುಂದೆ ಬಂದವರು ಮೇರಿ. ವರ್ಷಗಟ್ಟಲೆ ತಮ್ಮದೇ ಮಾದರಿ ಕೊಟ್ಟರು. ಹೀಗೆ ಹಲವು ಮಹಿಳೆಯರ ಮಾದರಿ ನೋಡುತ್ತಿದ್ದಾಗ ಕ್ಯಾನ್ಸರ್ ಕೋಶಗಳೂ ಕಂಡವು.

1928ರಲ್ಲಿ ಇದನ್ನು ಸಮ್ಮೇಳನವೊಂದರಲ್ಲಿ ತಿಳಿಸಿದಾಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಅವರು ಬಿಡಲಿಲ್ಲ. ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರೌಟ್ ಜೊತೆ 1941ರಲ್ಲಿ ಪ್ರಬಂಧ, 1943ರಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ವೈದ್ಯಲೋಕ ಒಪ್ಪಿತು. 1962ರಲ್ಲಿ ಅವರು ತೀರಿಕೊಂಡರು. ಈ ಟೆಸ್ಟ್ ನಿಯಮಿತವಾಗಿ ನಡೆಯುವ ದೇಶಗಳಲ್ಲಿ ಗರ್ಭಕೋಶದ ಕಂಠದ ಕ್ಯಾನ್ಸರ್ ಸಾವುಗಳು ಬಹಳ ಇಳಿದಿವೆ.

ಹಾಗಾದರೆ ಮಿತಿ ಎಲ್ಲಿದೆ? ಪ್ಯಾಪ್ ಟೆಸ್ಟ್ ನೋಡುವುದು ಮುಖ್ಯವಾಗಿ ಗರ್ಭಕೋಶದ ಕಂಠದ ಮೇಲ್ಪದರದ ಕೋಶಗಳನ್ನು. ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಬೆಳೆಯುವುದು ಹೆಚ್ಚಾಗಿ ಗರ್ಭಕೋಶದ ಸ್ನಾಯುವಿನ ಗೋಡೆಯೊಳಗೆ. ಅದರ ಕೋಶಗಳು ಸಾಮಾನ್ಯವಾಗಿ ಈ ಟೆಸ್ಟ್‌ಗೆ ಸಿಗುವುದಿಲ್ಲ. ಸ್ಕ್ಯಾನ್‌ನಲ್ಲಿ ಅದು ಸಾಮಾನ್ಯ ಫೈಬ್ರಾಯ್ಡ್ ಗಡ್ಡೆಯಂತೆಯೇ ಕಾಣಬಹುದು, ಬಯಾಪ್ಸಿಯಲ್ಲೂ ತಪ್ಪಿಸಿಕೊಳ್ಳಬಹುದು. ಎಷ್ಟೋ ಸಲ ಆಪರೇಷನ್ ಮಾಡಿ ತೆಗೆದ ಗಡ್ಡೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲಷ್ಟೇ ಖಚಿತವಾಗುತ್ತದೆ.

ಅನುಮಾನವಿದ್ದರೆ ಗರ್ಭಕೋಶವನ್ನು ತುಂಡು ಮಾಡದೆ ಇಡಿಯಾಗಿ ತೆಗೆಯುವುದು ಮುಖ್ಯ ಚಿಕಿತ್ಸೆ. ಹೊಟ್ಟೆಯೊಳಗೇ ಗಡ್ಡೆಯನ್ನು ಕತ್ತರಿಸುವ ಯಂತ್ರದಿಂದ ಕ್ಯಾನ್ಸರ್ ಹರಡಬಹುದೆಂದು ಅಮೆರಿಕದ ಎಫ್‌ಡಿಎ 2014ರಲ್ಲಿ ಎಚ್ಚರಿಸಿತ್ತು.

ಗಾಬರಿ ಬೇಡ. ಫೈಬ್ರಾಯ್ಡ್‌ಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಥವಾ ಗಡ್ಡೆ ಬೆಳೆಯುತ್ತಿದ್ದರೆ, ಪ್ಯಾಪ್ ರಿಪೋರ್ಟ್ ನಾರ್ಮಲ್ ಇದ್ದರೂ ಸ್ತ್ರೀರೋಗ ತಜ್ಞರನ್ನು ಕಾಣಿ.

ಪ್ಯಾಪ್ ಟೆಸ್ಟ್ ತಪ್ಪಿಸಬೇಡಿ, ಅದೊಂದನ್ನೇ ನಂಬಿ ಕೂರಲೂ ಬೇಡಿ. ಫಾರ್ವರ್ಡ್ ಮಾಡುವುದಾದರೆ ಈ ಎರಡೂ ಮಾತು ಒಟ್ಟಿಗೇ ಹೋಗಲಿ ಎಂಬುದು ನಮ್ಮ ಕೋರಿಕೆ.